ಪಾಮೋಲಿನ್‌ನ ತಮ್ಮ ಕ್ಯಾಂಡಲ್ ಆದ ಕಥೆ

ಮಂಗಳೂರು: ಕಂಕನಾಡಿ ಕಡೆಯ ಒಂದು ಓಣಿ. ಮನೆಯ ಹಿಂಬದಿಯ ಶೆಡ್ಡಿನಲ್ಲಿ ಒಂದು ಕ್ಯಾಂಡಲ್ ಒಡೆದರು. ಕೈಜಾರಿ ಬಿದ್ದು ಒಡೆದದ್ದಲ್ಲ. ಕತ್ತಿ ಇಟ್ಟು, ಸುತ್ತಿಗೆಯಲ್ಲಿ ತಟ್ಟಿ, ಬೇಕೆಂತಲೇ ಉದ್ದಕ್ಕೆ ಎರಡು ಹೋಳು ಮಾಡಿದ್ದು. ಹೊರಗಿನಿಂದ ನೋಡಿದರೆ ಮದುಮಗಳ ಹಾಗಿತ್ತು. ಒಳಗೆ, ಬತ್ತಿಯ ಪಕ್ಕದಲ್ಲಿ, ಹೆಬ್ಬೆರಳು ಹೋಗುವಷ್ಟು ದೊಡ್ಡ ಪೊಟರೆ!

“ನೋಡಿ, ಹೊಟ್ಟೆ ಖಾಲಿ” ಎಂದರು ಯಜಮಾನರು.

“ನಮ್ಮದೂ ಇನ್ನು ಹಾಗೇ ಆಗ್ತದೆ” ಎಂದರು ಅವರ ಹೆಂಡತಿ. ಓಣಿಯವರೆಲ್ಲ ಬಾಯಮ್ಮ ಎಂದು ಕರೆಯುವುದು ಇವರನ್ನೇ.

ಬಾಯಮ್ಮನ ಮಾತಿಗೆ ಕಾರಣ ಉಂಟು. 2023ರ ಸೆಪ್ಟೆಂಬರಿನಲ್ಲಿ, ಮೊಂತಿ ಫೆಸ್ತ್ ಮುಗಿದ ವಾರದಲ್ಲಿ, ಪೇಟೆಯ ಒಬ್ಬರು ಗಿಫ್ಟ್ ಅಂಗಡಿಯವರು ಬಂದು 200 ಕ್ಯಾಂಡಲ್‌ಗೆ ಆರ್ಡರ್ ಕೊಟ್ಟು ಹೋಗಿದ್ದರು. ಸಾದಾ ಕ್ಯಾಂಡಲ್ ಅಲ್ಲ. 3 ಇಂಚು ದಪ್ಪ, 6 ಇಂಚು ಎತ್ತರದ ಪಿಲ್ಲರ್, ಅಂದರೆ ಕಂಬದ ಕ್ಯಾಂಡಲ್. ಅದೂ ಪಾಮ್ ಮೇಣದ್ದೇ ಆಗಬೇಕು. ಡಿಸೆಂಬರ್ 10ರ ಒಳಗೆ ಕೈಗೆ ಸಿಗಬೇಕು. ಮುಂಗಡ ಬಂತು. ಅದು ಸಾಲದೆ ಬಾಯಮ್ಮನ ಎರಡು ಬಳೆ ಸೊಸೈಟಿಗೆ ಹೋದವು. 25 ಕಿಲೋದ 5 ಚೀಲ ಮೇಣ ಶೆಡ್ಡಿಗೆ ಬಂತು.

ಲೆಕ್ಕ ಸರಿಯಾಗಿಯೇ ಇತ್ತು. ಅಷ್ಟು ಗಾತ್ರದ ಒಂದು ಕ್ಯಾಂಡಲ್‌ಗೆ ಸುಮಾರು 600 ಗ್ರಾಂ ಮೇಣ. 200ಕ್ಕೆ 120 ಕಿಲೋ. ಮೇಲೆ 5 ಕಿಲೋ ಮಾತ್ರ ಉಳಿಕೆ. ಕಲಿಯುವ ಫೀಸು ಎಷ್ಟೆಂದು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಕರೆಂಟ್ ಹೋದರೆ ಲಾಭ

ಯಜಮಾನರಿಗೆ ಈ ಕಸುಬು ತಂದೆಯಿಂದ ಬಂದದ್ದು. ಆಗ ಕರೆಂಟ್ ಹೋದರೆ ಇವರಿಗೆ ಹಬ್ಬ. ಸಪೂರದ ಬಿಳಿ ಕ್ಯಾಂಡಲ್ ಕಟ್ಟುಗಟ್ಟಲೆ ಜಿನಸಿನ ಅಂಗಡಿಗಳಿಗೆ ಹೋಗುತ್ತಿತ್ತು. ಈಗ ಕರೆಂಟ್ ಹೋದರೆ ಜನ ಮೊಬೈಲಿನ ಟಾರ್ಚ್ ಒತ್ತುತ್ತಾರೆ. ಇಗರ್ಜಿ, ಜನವರಿಯ ಬಿಕರ್ನಕಟ್ಟೆ ಬಾಲಯೇಸುವಿನ ಹಬ್ಬ, ಕಾರ್ಕಳದ ಅತ್ತೂರು ಜಾತ್ರೆ, ಬರ್ತ್‌ಡೇ ಕೇಕು. ಇಷ್ಟರಲ್ಲೇ ವ್ಯಾಪಾರ.

ಸರಕಾರದ ಕಡೆಯಿಂದಲೂ ಒಂದು ಆಸರೆ ಇತ್ತು. ಸಣ್ಣ ಕೈಗಾರಿಕೆಯವರೇ ಮಾಡಬೇಕು ಎಂದು ಮೀಸಲಿಟ್ಟ ಸಾಮಾನುಗಳ ಪಟ್ಟಿಯಲ್ಲಿ ಮೇಣದ ಬತ್ತಿಯೂ ಸೇರಿತ್ತು. ಆ ಪಟ್ಟಿ ಸವೆಯುತ್ತ ಸವೆಯುತ್ತ ಕೊನೆಗೆ 20 ಸಾಮಾನು ಉಳಿಯಿತು. ಉಪ್ಪಿನಕಾಯಿ, ಬ್ರೆಡ್ಡು, ಅಗರಬತ್ತಿ, ಬೆಂಕಿಪೊಟ್ಟಣದ ಜತೆ ಕ್ಯಾಂಡಲ್ ಕೂಡ ಅದರಲ್ಲಿತ್ತು. 2015ರ ಏಪ್ರಿಲಿನಲ್ಲಿ ಆ 20ನ್ನೂ ತೆಗೆದುಹಾಕಿದರು. ಈಗ ಎಷ್ಟು ದೊಡ್ಡ ಕಂಪೆನಿಯೂ ಕ್ಯಾಂಡಲ್ ಎರೆಯಬಹುದು.

“ಸಪೂರ ಕ್ಯಾಂಡಲ್‌ನಲ್ಲಿ ಮೆಷಿನಿನವರ ಎದುರು ನಿಲ್ಲಲಿಕ್ಕೆ ನಮ್ಮಿಂದ ಆಗುವುದಿಲ್ಲ ಮಾರಾಯ್ರೆ. ಕೈಯಲ್ಲಿ ಮಾಡುವ ಚಂದದ ಮಾಲು ಮಾಡಿದರೆ ಮಾತ್ರ ಬದುಕು” ಎನ್ನುತ್ತಾರೆ ಯಜಮಾನರು. 200ರ ಆರ್ಡರು ಒಪ್ಪಿಕೊಂಡದ್ದು ಅದಕ್ಕೇ.

ಯಾವ ತಾಳೆ?

ತಾಳೆ ಎಂದ ಕೂಡಲೇ ತಾಟಿನುಂಗಿನ ಮರ ನೆನಪಾದರೆ ಅದಲ್ಲ. ಇದು ಎಣ್ಣೆ ತಾಳೆ. ಪಶ್ಚಿಮ ಆಫ್ರಿಕಾ ಮೂಲದ ಮರ. ಇವತ್ತು ಇಂಡೋನೇಷ್ಯ, ಮಲೇಷ್ಯಗಳ ದೊಡ್ಡ ಬೆಳೆ. ಹಣ್ಣಿನ ಎಣ್ಣೆಯನ್ನು ತಣಿಸಿ ಸೋಸಿದರೆ ಎರಡು ಪಾಲಾಗುತ್ತದೆ. ನೀರಾಗಿ ಉಳಿಯುವುದು ಓಲೀನ್, ಅಂದರೆ ರೇಶನ್ ಅಂಗಡಿಯ ಕ್ಯೂನಲ್ಲಿ ನಿಂತವರಿಗೆಲ್ಲ ಗೊತ್ತಿದ್ದ ಪಾಮೋಲಿನ್. ಗಟ್ಟಿಯಾಗುವುದು ಸ್ಟಿಯರಿನ್. ಅದು ಸಾಬೂನಿಗೆ, ವನಸ್ಪತಿಗೆ ಹೋಗುತ್ತದೆ. ಅದಕ್ಕೇ ಜಲಜನಕ ಹಾಯಿಸಿ ಇನ್ನಷ್ಟು ಗಟ್ಟಿ ಮಾಡಿದರೆ ಕ್ಯಾಂಡಲ್‌ನ ಪಾಮ್ ಮೇಣ. ಒಂದೇ ತಾಯಿಯ ಮಕ್ಕಳು. ಅಣ್ಣ ಹಪ್ಪಳ ಕರಿಯುತ್ತಾನೆ, ತಮ್ಮ ಬೆಳಕು ಕೊಡುತ್ತಾನೆ. ನಮ್ಮ ಪಣಂಬೂರಿನ ಬಂದರಿಗೆ ಹಡಗಿನಲ್ಲಿ ಬರುವ ಖಾದ್ಯ ತೈಲದಲ್ಲಿ ಈ ತಾಳೆಯದ್ದೂ ಉಂಟು.

ಪೇಟೆಯ ಸಾದಾ ಬಿಳಿ ಕ್ಯಾಂಡಲ್ ಪ್ಯಾರಾಫಿನ್. ಅದು ಕಲ್ಲೆಣ್ಣೆ ಶುದ್ಧ ಮಾಡುವಾಗ ಸಿಗುವ ಮೇಣ.

ತಾಳೆಯ ಕ್ಯಾಂಡಲ್ ಹೊಸ ಫ್ಯಾಶನ್ ಎಂದು ತಿಳಿದವರಿಗೆ ಒಂದು ಮಾತು. ಇದು ಇಂಗ್ಲೆಂಡಿನ ರಾಣಿ ವಿಕ್ಟೋರಿಯಾಳ ಕಾಲದ್ದು. 1830ರಲ್ಲಿ ಲಂಡನ್ನಿನಲ್ಲಿ ಶುರುವಾದ ಪ್ರೈಸ್ ಕಂಪೆನಿ ಮೊದಲು ಸಿಲೋನಿನ ತೆಂಗಿನೆಣ್ಣೆಯಿಂದ ಕ್ಯಾಂಡಲ್ ಮಾಡಿತು. ಆಮೇಲೆ ಆಫ್ರಿಕಾದ ತಾಳೆ ಎಣ್ಣೆಗೆ ಕೈಹಾಕಿತು. ತಾಳೆ ಎಣ್ಣೆಯ ವ್ಯಾಪಾರ ಬೆಳೆದರೆ ಗುಲಾಮರ ವ್ಯಾಪಾರ ಬೀಳುತ್ತದೆ, ನಮ್ಮ ಕ್ಯಾಂಡಲ್ ಕೊಳ್ಳಿ ಎಂದು ಅವರು ಪ್ರಚಾರ ಮಾಡಿದ್ದರು. ಇವತ್ತು ಅದೇ ತಾಳೆಯ ಮೇಲೆ, ತೋಟಕ್ಕಾಗಿ ಇಂಡೋನೇಷ್ಯದ ಕಾಡು ಕಡಿದರು, ಒರಾಂಗುಟಾನ್‌ಗೆ ಮನೆ ಇಲ್ಲದಾಯಿತು ಎಂಬ ದೂರು. ಕಾಡಿಗೆ ಕೈಹಾಕದೆ ಬೆಳೆದ ಎಣ್ಣೆಗೆ ಸರ್ಟಿಫಿಕೇಟು ಕೊಡುವ ಅಂತಾರಾಷ್ಟ್ರೀಯ ಕೂಟವೊಂದು 2004ರಿಂದ ಉಂಟು. ಒಂದೇ ಮರ, ಅಂದು ಪುಣ್ಯ, ಇಂದು ಪಾಪ.

ನಾಲ್ಕು ಸೋಲು

ಮೊದಲನೇ ಸಲ ಯಜಮಾನರು ಪ್ಯಾರಾಫಿನ್ ಎರೆದಂತೆಯೇ ಎರೆದರು. ಮೇಣ ಕರಗಿತು, 70-75 ಡಿಗ್ರಿ ಆಯಿತು, ಅಚ್ಚಿಗೆ ಹೊಯ್ದರು. ಮರುದಿನ ತೆಗೆದರೆ ಸುಣ್ಣ ಬಳಿದ ಗೋಡೆಯ ಹಾಗೆ ಮಂಕು. ಪಾಮ್ ಮೇಣದ ಹೆಸರು ಇರುವುದೇ ಅದರ ಹರಳಿಗೆ. ಸರಿಯಾಗಿ ಎರೆದರೆ ಮೈಮೇಲೆ ಹಕ್ಕಿಯ ಗರಿ ಹರಡಿದ ಹಾಗೆ ಚಿತ್ತಾರ ತಾನಾಗಿ ಮೂಡುತ್ತದೆ. ಅಂಗಡಿಯವರಿಗೆ ಬೇಕಾದದ್ದು ಆ ಗರಿ. ಬಂದದ್ದು ಸುಣ್ಣ.

ಎರಡನೇ ಸಲ ಮೇಣವನ್ನು 90 ಡಿಗ್ರಿ ದಾಟಿಸಿ ಎರೆದರು. ಗರಿ ಬಂತು, ಆದರೆ ಮೇಲರ್ಧಕ್ಕೆ ಮಾತ್ರ. ಕೆಳಗೆ ಪಟ್ಟೆ ಪಟ್ಟೆ. ಅಲ್ಯುಮಿನಿಯಂ ಅಚ್ಚು ತಣ್ಣಗಿತ್ತು. ಬಿಸಿ ಮೇಣ ತಾಗಿದ ಕೂಡಲೇ ಗಕ್ಕನೆ ಹೆಪ್ಪುಗಟ್ಟಿತು. ಹರಳು ಕಟ್ಟಲಿಕ್ಕೆ ಪುರುಸೊತ್ತು ಬೇಕು. ನಿಧಾನಕ್ಕೆ ಆರಿದರೆ ಹರಳು ದೊಡ್ಡದು, ಬೇಗ ಆರಿದರೆ ಇಲ್ಲವೇ ಇಲ್ಲ.

ಇದಕ್ಕೆ ಉಪಾಯ ಹೇಳಿದವರು ಬಾಯಮ್ಮ. ಹಿಂದೆ ಕೋಳಿ ಮರಿ ಸಾಕುತ್ತಿದ್ದಾಗ ಮರದ ಪೆಟ್ಟಿಗೆಗೆ ಬಲ್ಬು ಕಟ್ಟಿ ಮರಿಗಳನ್ನು ಬೆಚ್ಚಗಿಡುತ್ತಿದ್ದರು. ಆ ಪೆಟ್ಟಿಗೆ ಅಟ್ಟದಲ್ಲಿತ್ತು. ಎರಡು ಹಳೇ 100 ವಾಟ್ ಬಲ್ಬು ಹಾಕಿ ಖಾಲಿ ಅಚ್ಚುಗಳನ್ನು ಒಳಗಿಟ್ಟರು. ಅಚ್ಚು ಕೈಗೆ ಚುರುಕ್ ಎನ್ನುವಷ್ಟು ಬಿಸಿಯಾದ ಮೇಲೆ ಬಲ್ಬು ಆರಿಸಿ, ಮೇಣ ಎರೆದು, ಮೇಲೆ ಗೋಣಿ ಹೊದೆಸಿದರು. ಮರುದಿನ ಬೆಳಿಗ್ಗೆ ಬಂದದ್ದು ತಲೆಯಿಂದ ಕಾಲಿನ ತನಕ ಗರಿ! ಅಚ್ಚು ಬೋರಲು ಹಾಕಿದರೆ ತಾನಾಗಿ ಜಾರಿ ಬಂತು. ಈ ಮೇಣ ಆರುವಾಗ ಕುಗ್ಗುತ್ತದೆ, ಹಾಗಾಗಿ ಅಚ್ಚು ಬೇಗ ಬಿಡುತ್ತದೆ.

ಆದರೆ ಆ ಕುಗ್ಗುವುದರಲ್ಲೇ ಮೋಸವಿತ್ತು. ಹೊರಗಿನ ಮೈ ಮೊದಲು ಗಟ್ಟಿಯಾಗುತ್ತದೆ. ಒಳಗಿನದು ಆಮೇಲೆ ಕುಗ್ಗಿ ಬತ್ತಿಯ ಪಕ್ಕ ಪೊಟರೆ ಬಿಡುತ್ತದೆ. ಆ ಚಂದದ ಕ್ಯಾಂಡಲ್ ಹಚ್ಚಿದಾಗ ಎರಡು ಗಂಟೆ ಚೆನ್ನಾಗಿಯೇ ಉರಿಯಿತು. ಮೂರನೇ ಗಂಟೆಯಲ್ಲಿ ಕರಗಿದ ಮೇಣವೆಲ್ಲ ಬಾವಿಗೆ ಇಳಿದಂತೆ ಒಳಗಿಳಿಯಿತು. ಬತ್ತಿ ಬೋಳಾಗಿ ಜ್ವಾಲೆ ಉದ್ದಕ್ಕೆ ಎದ್ದಿತು, ಪಕ್ಕದ ಗೋಡೆ ಬಿರಿದು ಮೇಣ ಮೇಜಿನ ಮೇಲೆ ಹರಿಯಿತು. ಮರುದಿನ ಸುತ್ತಿಗೆಯಲ್ಲಿ ಒಡೆದು ನೋಡಿದ್ದು ಅದರದ್ದೇ ಜತೆಯ ಇನ್ನೊಂದನ್ನು.

ನಾಲ್ಕನೆಯದು ಪಾತ್ರೆಯಿಂದಾದ ಪಜೀತಿ. ಅಲ್ಯುಮಿನಿಯಂ ಪಾತ್ರೆ ಸಾಲದೆಂದು ಹಳೇ ತಾಮ್ರದ ಚರಿಗೆಯಲ್ಲಿ ಸ್ವಲ್ಪ ಮೇಣ ಕರಗಿಸಿ ರಾತ್ರಿ ಹಾಗೇ ಬಿಟ್ಟಿದ್ದರು. ಬೆಳಿಗ್ಗೆ ಅಂಚಿನಲ್ಲಿ ಪಾಚಿಯಂಥ ಹಸಿರು. ಕೊಬ್ಬಿನ ಹುಳಿಯ ಅಂಶ ತಾಮ್ರವನ್ನು ತಿನ್ನುತ್ತದೆ. ಸ್ಟೀಲು ಅಥವಾ ಅಲ್ಯುಮಿನಿಯಂ ಬಿಟ್ಟು ಬೇರೆ ಪಾತ್ರೆ ಆಗದು.

ಸೈಕಲ್ ಕಡ್ಡಿಯ ಮದ್ದು

ಪೊಟರೆಗೆ ಮದ್ದು ಸಿಕ್ಕಿದ್ದು ಸೈಕಲ್ ಚಕ್ರದ ಒಂದು ಕಡ್ಡಿಯಲ್ಲಿ. ಎರೆದ ಮೇಣದ ಮೇಲೆ ಕೆನೆಗಟ್ಟಿದಾಗ ಬತ್ತಿಯ ಸುತ್ತ ನಾಲ್ಕೈದು ಕಡೆ ಕಡ್ಡಿ ಚುಚ್ಚಿ ಆಳಕ್ಕೆ ತೂತು ಮಾಡಬೇಕು. ತೂತು ಮುಚ್ಚಿಕೊಂಡರೆ ಮತ್ತೆ ಚುಚ್ಚಬೇಕು. ಒಳಗೆ ಕುಗ್ಗುವ ಜಾಗಕ್ಕೆ ಗಾಳಿ ಸಿಗುತ್ತದೆ, ಪೊಟರೆ ಅಡಗಿ ಕೂರುವುದಿಲ್ಲ. ಪೂರ್ತಿ ಆರಿದ ಮೇಲೆ ಬಿಸಿ ಮೇಣದಿಂದ ಆ ತೂತು ತುಂಬಬೇಕು. ಮೊದಲು ಎರೆದ ಮಟ್ಟಕ್ಕಿಂತ ಕೂದಲೆಳೆ ಕೆಳಗೇ ನಿಲ್ಲಿಸಬೇಕು. ಮೇಲೆ ಹೋದರೆ ಮೇಣ ಅಚ್ಚಿನ ಬದಿಗೆ ಇಳಿದು ಗರಿಯ ಮೇಲೆ ಕಲೆ ಕೂರುತ್ತದೆ.

ಇಷ್ಟಾದರೂ ಬತ್ತಿಯ ಪ್ರಶ್ನೆ ಉಳಿದಿತ್ತು. ಸಪೂರ ಬತ್ತಿ ಹಾಕಿದರೆ ನಡುವೆ ಗುಂಡಿ ತೋಡಿಕೊಂಡು ತನ್ನ ಮೇಣದಲ್ಲಿ ತಾನೇ ಮುಳುಗಿ ಸಾಯುತ್ತದೆ. ದಪ್ಪ ಬತ್ತಿಯಾದರೆ ಗೋಡೆ ಕರಗಿ ಕ್ಯಾಂಡಲ್ ಕುಸಿಯುತ್ತದೆ, ಮಸಿಯೂ ಬರುತ್ತದೆ. ಪಾಮ್ ಮೇಣಕ್ಕೆ ಹೊಗೆಯೇ ಇಲ್ಲ ಎಂದು ಹೇಳಿ ಮಾರುವವರಿದ್ದಾರೆ. ಅದು ಬುರುಡೆ. ಬತ್ತಿ ತಪ್ಪಿದರೆ ಯಾವ ಮೇಣವೂ ಮಸಿ ಕಕ್ಕುತ್ತದೆ. ಪ್ಯಾರಾಫಿನ್‌ಗೆ ಸರಿಹೋದ ಬತ್ತಿ ಇದಕ್ಕೂ ಸರಿ ಎನ್ನುವ ಹಾಗೂ ಇಲ್ಲ. ಹೆಣೆದ ಹತ್ತಿ ಬತ್ತಿಯಲ್ಲಿ ಮೂರು ಗಾತ್ರ ತಂದು ಮೂರು ಕ್ಯಾಂಡಲ್ ಎರೆದು ಅ, ಆ, ಇ ಎಂದು ಹೆಸರಿಟ್ಟರು.

ಪರೀಕ್ಷೆಗೆ ಅವಸರ ಆಗುವುದಿಲ್ಲ. ಪಿಲ್ಲರನ್ನು ಒಂದು ಸಲಕ್ಕೆ ಮೂರು ನಾಲ್ಕು ಗಂಟೆ ಉರಿಸಿ, ಆರಿಸಿ, ತಣಿದ ಮೇಲೆ ತೂಕ ನೋಡಿ, ಬತ್ತಿಯ ತುದಿ ಕತ್ತರಿಸಿ ಮತ್ತೆ ಹಚ್ಚಬೇಕು. ಇವರ ಪುಸ್ತಕದ ಪ್ರಕಾರ ‘ಆ’ ಕ್ಯಾಂಡಲ್ ಗಂಟೆಗೆ ಸುಮಾರು 8 ಗ್ರಾಂ ತಿಂದಿದೆ. 600 ಗ್ರಾಂ ಮುಗಿಯಲು 75 ಗಂಟೆ. ದಿನಕ್ಕೆ ಎರಡು ಸಲ ಉರಿಸಿದರೂ ಒಂಬತ್ತು ಹತ್ತು ದಿನ. ಕ್ಯಾಲೆಂಡರಿನಲ್ಲಿ ನವೆಂಬರ್ ಅರ್ಧ ಮುಗಿದಿತ್ತು. ‘ಅ’ ಮುಳುಗಿತು, ‘ಇ’ ಕುಸಿಯಿತು, ‘ಆ’ ತಳದ ತನಕ ನೆಟ್ಟಗೆ ಉರಿಯಿತು. ಸುತ್ತ ತೆಳ್ಳಗಿನ ಗೋಡೆ ಮಾತ್ರ ಉಳಿದು, ಒಳಗಿನ ಬೆಳಕಿಗೆ ಗರಿ ಹೊಳೆಯಿತು.

“ಆ ರಾತ್ರಿ ಕರೆಂಟ್ ಇದ್ದರೂ ನಾವು ಲೈಟು ಹಾಕಲಿಲ್ಲ” ಎನ್ನುತ್ತಾರೆ ಬಾಯಮ್ಮ.

ಅಡ್ಡದಾರಿ ಬೇಡ

ಉಳಿದದ್ದು ಮೂರು ವಾರ. ಅಚ್ಚು ಇದ್ದದ್ದು 8. ಗೋಣಿ ಹೊದೆಸಿ ನಿಧಾನಕ್ಕೆ ಆರಿಸಬೇಕಾದ್ದರಿಂದ ದಿನಕ್ಕೆ ಒಂದೇ ಎರೆತ. ಹೆಚ್ಚೆಂದರೆ ದಿನಕ್ಕೆ 8 ಕ್ಯಾಂಡಲ್. ಅದರಲ್ಲಿ ಒಂದೆರಡು ಕಲೆಯಾದವು. ಒಡೆದ ಕ್ಯಾಂಡಲ್ ಮತ್ತೆ ಕರಗಿಸಬಹುದು, ಉರಿಸಿ ನೋಡಿದ್ದು ಮಾತ್ರ ಹೋದದ್ದೇ. ಏನು ಮಾಡಿದರೂ 200 ಆಗದು.

ಮೇಣದ ವ್ಯಾಪಾರಿಯೊಬ್ಬರು ಸುಲಭದ ದಾರಿ ಹೇಳಿದರು. “ಅರ್ಧಕ್ಕರ್ಧ ಪ್ಯಾರಾಫಿನ್ ಸೇರಿಸಿ. ಪೊಟರೆಯ ತಲೆಬಿಸಿ ಕಡಿಮೆ, ಖರ್ಚೂ ಕಡಿಮೆ. ಯಾರು ಒಡೆದು ನೋಡ್ತಾರೆ?”

ಮಿಶ್ರ ಮಾಡುವುದು ತಪ್ಪೇನಲ್ಲ, ಎಷ್ಟೋ ಕಡೆ ಮಾಡುತ್ತಾರೆ. ಆದರೆ ಚೀಟಿಯಲ್ಲಿ ಪಾಮ್ ಎಂದು ಬರೆದು ಒಳಗೆ ಪ್ಯಾರಾಫಿನ್ ಇಟ್ಟರೆ ಅದು ಹಾಲಿಗೆ ನೀರು ಬೆರೆಸಿದ ಹಾಗೆ. ಯಜಮಾನರು ಒಂದು ರಾತ್ರಿ ಯೋಚಿಸಿದರು. ಸೊಸೈಟಿಯಲ್ಲಿದ್ದ ಬಳೆಯೂ ನೆನಪಾಗಿರಬೇಕು. ಬೆಳಿಗ್ಗೆ ಎರಡು ಕ್ಯಾಂಡಲ್ ಚೀಲಕ್ಕೆ ಹಾಕಿಕೊಂಡು ಬಸ್ ಹತ್ತಿ ಹಂಪನಕಟ್ಟೆಯಲ್ಲಿ ಇಳಿದರು.

“ಡಿಸೆಂಬರ್ 10ಕ್ಕೆ 120 ಕೊಡ್ತೇನೆ. 200 ಆಗುವುದಿಲ್ಲ. ಮುಂಗಡದಲ್ಲಿ ಹಿಡಿದುಕೊಳ್ಳಿ” ಎಂದರಂತೆ ಅಂಗಡಿಯವರಿಗೆ.

ಅಂಗಡಿಯವರಿಗೆ ಸಿಟ್ಟು ಬಂತು. ಬಾರದೆ ಇರುತ್ತದೆಯೇ? ಕ್ರಿಸ್ಮಸ್ ವ್ಯಾಪಾರ. ಆದರೆ ಕ್ಯಾಂಡಲ್ ಕೌಂಟರಿನ ಮೇಲಿಟ್ಟು ಹಚ್ಚಿದಾಗ ಗಿರಾಕಿಯೊಬ್ಬರು ಬಂದು “ಇದಕ್ಕೆಷ್ಟು?” ಎಂದರು. ಆಮೇಲೆ ಇನ್ನೊಬ್ಬರು. ಅಂಗಡಿಯವರ ಸ್ವರ ಇಳಿಯಿತು. “ಆಯ್ತು ಪೊರ್ಬುಗಳೇ, 120 ತನ್ನಿ. ಉಳಿದದ್ದು ಜನವರಿಗೆ ಆಗಲಿ.”

120 ಮುಟ್ಟಿತು. ಉಳಿದ ಮೇಣದಲ್ಲಿ ಪರೀಕ್ಷೆಗೆ ಹೋದದ್ದು ಹೋಗಿ, ಇನ್ನೂ ಒಂದು ಚೀಲ ತರಿಸಿ, ಬಾಕಿ 80ನ್ನೂ 2024ರ ಜನವರಿಯಲ್ಲಿ ಮುಗಿಸಿದರು. ಲಾಭ ಎಂದು ಹೇಳುವಂಥದ್ದು ಉಳಿಯಲಿಲ್ಲ. ಎರಡು ಬಳೆಯಲ್ಲಿ ಒಂದು ಮನೆಗೆ ಬಂತು.

ಮೇಣದ ದರವನ್ನೂ ನಂಬಿ ಕೂರುವ ಹಾಗಿಲ್ಲ. 2022ರ ಏಪ್ರಿಲ್ ಕೊನೆಯಲ್ಲಿ ಇಂಡೋನೇಷ್ಯ ತಾಳೆ ಎಣ್ಣೆ ರಫ್ತನ್ನೇ ನಿಲ್ಲಿಸಿತ್ತು, ಮೇ 23ಕ್ಕೆ ಮತ್ತೆ ಬಿಟ್ಟಿತು. ಅಲ್ಲಿ ಜಕಾರ್ತದಲ್ಲಿ ಬಾಗಿಲು ಹಾಕಿದರೆ ಇಲ್ಲಿ ಕಂಕನಾಡಿಯ ಶೆಡ್ಡಿಗೆ ಬಿಸಿ ತಾಗುತ್ತದೆ.

ಮನೆಯಲ್ಲಿ ಮಾಡಿ ನೋಡುವ ಮನಸ್ಸಿದ್ದವರಿಗೆ ಯಜಮಾನರ ಬುದ್ಧಿಮಾತು ಇಷ್ಟೇ: ಮೇಣದ ಪಾತ್ರೆಯನ್ನು ನೇರ ಬೆಂಕಿಗೆ ಇಡಬೇಡಿ, ಕುದಿಯುವ ನೀರಿನ ಪಾತ್ರೆಯೊಳಗೆ ಇಡಿ. ಒಲೆ ಬಿಟ್ಟು ಆಚೆ ಹೋಗಬೇಡಿ. ಮೇಣಕ್ಕೆ ಬೆಂಕಿ ಹಿಡಿದರೆ ನೀರು ಹಾಕಬೇಡಿ, ಬೆಂಕಿ ಸಿಡಿದು ಹರಡುತ್ತದೆ. ಒಲೆ ಆರಿಸಿ ಮುಚ್ಚಳ ಮುಚ್ಚಿ. ಮತ್ತೊಂದು, ಪುಸ್ತಕದಲ್ಲಿ ಬರೆದಿಡಿ. ಎಷ್ಟು ಡಿಗ್ರಿ, ಯಾವ ಬತ್ತಿ, ಎಷ್ಟು ಗಂಟೆ ಉರಿಯಿತು. ಒಮ್ಮೆಗೆ ಒಂದನ್ನೇ ಬದಲಾಯಿಸಿ. ಎರಡು ಬದಲಾಯಿಸಿದರೆ ಯಾವುದರಿಂದ ಕೆಟ್ಟಿತೆಂದು ಗೊತ್ತಾಗುವುದಿಲ್ಲ.

ಆ ಶೆಡ್ಡಿನ ಗೋಡೆಗೆ ಈಗ ಮೂರು ಸಾಮಾನು ತೂಗು ಹಾಕಿದ್ದಾರೆ: ಥರ್ಮಾಮೀಟರು, ಬರೆದಿಟ್ಟ ಪುಸ್ತಕ, ಸೈಕಲ್ ಕಡ್ಡಿ. ಕೋಳಿಯ ಪೆಟ್ಟಿಗೆ ಅಟ್ಟಕ್ಕೆ ಹೋಗಲಿಲ್ಲ.

“ಇನ್ನೊಂದು ಬಳೆ ಯಾವಾಗ ಬರ್ತದೆ ಬಾಯಮ್ಮ?” ಎಂದು ನೆರೆಮನೆಯಾಕೆ ಕೇಳಿದ್ದಕ್ಕೆ ಬಾಯಮ್ಮನ ಉತ್ತರ ಹೀಗಿತ್ತು:

“ಅದೂ ನಿಧಾನಕ್ಕೆ ಆರಬೇಕು. ಅವಸರ ಮಾಡಿದರೆ ಪೊಟರೆ ಬೀಳ್ತದೆ.”