ದುಬೈಗೆ ಹೊರಟಿದ್ದೀರಾ? ಗಸಗಸೆ ಮನೆಯಲ್ಲೇ ಇರಲಿ

ಕೆಲಸ ಸಿಕ್ಕಿ ದುಬೈಗೆ ಹೊರಡುವವರು ಸೂಟ್‌ಕೇಸ್‌ಗೆ ಮೊದಲು ಹಾಕುವುದು ಹತ್ತಿ ಬಟ್ಟೆ. ಬೇಸಿಗೆಯಲ್ಲಿ ತಾಪಮಾನ 40 ಡಿಗ್ರಿ ದಾಟುವ ಊರಿಗೆ ಅದು ಸರಿಯೇ. ಆದರೆ ಬಟ್ಟೆ ಮರೆತರೆ ಅಲ್ಲೇ ಕೊಳ್ಳಬಹುದು. ಕಷ್ಟಕ್ಕೆ ಸಿಲುಕಿಸುವುದು ಅಡುಗೆಮನೆಯಿಂದ, ಔಷಧದ ಡಬ್ಬಿಯಿಂದ ಬ್ಯಾಗ್ ಸೇರುವ ಸಣ್ಣಪುಟ್ಟ ಸಾಮಾನು.

ಮುಖ್ಯವಾಗಿ ಗಸಗಸೆ. ಕನ್ನಡಿಗರ ಮನೆಗಳಲ್ಲಿ ಪಾಯಸಕ್ಕೆ, ಸಾಗುವಿಗೆ ಬಳಸುವ ಇದು ಅಫೀಮು ಗಿಡದ ಬೀಜ. ಯುಎಇಯಲ್ಲಿ ಇದಕ್ಕೆ ಮಾದಕ ವಸ್ತು ಕಾನೂನು ಅನ್ವಯಿಸುತ್ತದೆ. ಒಂದು ಚಮಚೆಯಷ್ಟಿದ್ದರೂ ಜೈಲು ಸೇರುವ ಅಪಾಯವಿದೆ. ಅಡುಗೆಗೆ ತಂದಿದ್ದೆಂಬ ಸಮಜಾಯಿಷಿ ನೆಚ್ಚಿಕೊಳ್ಳುವಂಥದ್ದಲ್ಲ. ದುಬೈ ಮೂಲಕ ಬೇರೆ ದೇಶಕ್ಕೆ ಹೋಗುವವರೂ ಇದರಿಂದ ಹೊರತಲ್ಲ. ಇಡಿ ಗಸಗಸೆ ಯಾರೂ ಒಯ್ಯಲಿಕ್ಕಿಲ್ಲ, ಆದರೆ ಅಮ್ಮ ಕಟ್ಟಿಕೊಟ್ಟ ಮಸಾಲೆ ಪುಡಿಯಲ್ಲಿ ಅದು ಬೆರೆತಿರಬಹುದು. ಕೇಳಿಯೇ ಬ್ಯಾಗ್‌ಗೆ ಹಾಕಿ. ಪಾನ್, ವೀಳ್ಯದೆಲೆಯೂ ನಿಷೇಧಿತ ಪಟ್ಟಿಯಲ್ಲಿವೆ. ಹೀಗಾಗಿ ಹೊರಡುವಾಗ ಕೊಟ್ಟ ತಾಂಬೂಲವನ್ನು ಇಲ್ಲೇ ತೆಗೆದಿಡಿ.

ಒಣ ಕೊಬ್ಬರಿಗೆ ತಡೆ ಬೀಳುವುದು ಭಾರತದ ವಿಮಾನ ನಿಲ್ದಾಣದಲ್ಲೇ. ಎಣ್ಣೆ ಅಂಶ ಹೆಚ್ಚಿರುವುದರಿಂದ ತಾನಾಗಿಯೇ ಬಿಸಿಯಾಗಿ ಬೆಂಕಿ ಹೊತ್ತಿಕೊಳ್ಳಬಹುದು ಎಂಬ ಕಾರಣಕ್ಕೆ ಚೆಕ್‌-ಇನ್ ಬ್ಯಾಗ್‌ನಲ್ಲಿ ಅದನ್ನು ಬಿಡುವುದಿಲ್ಲ. ತೊಗರಿಬೇಳೆ, ಅವಲಕ್ಕಿ, ರಾಗಿ ಹಿಟ್ಟು ಹೊತ್ತೊಯ್ಯುವ ಅಗತ್ಯವೂ ಇಲ್ಲ. ಕರಾಮಾ, ಬರ್ ದುಬೈನ ಭಾರತೀಯ ಅಂಗಡಿಗಳಿರುವುದೇ ಅದಕ್ಕೆ.

ಔಷಧದ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಕೊಡೀನ್ ಇರುವ ಕೆಮ್ಮಿನ ಸಿರಪ್, ಟ್ರಮಡಾಲ್ ಇರುವ ನೋವಿನ ಮಾತ್ರೆ ಅಲ್ಲಿ ನಿಯಂತ್ರಿತ ಔಷಧಗಳು. ಯುಎಇ ಸರ್ಕಾರದಿಂದ ಆನ್‌ಲೈನ್‌ನಲ್ಲಿ ಮೊದಲೇ ಅನುಮತಿ ಪಡೆಯಬೇಕು. ಬಿಪಿ, ಶುಗರ್ ಮಾತ್ರೆಗಳನ್ನೂ ಮೂಲ ಪ್ಯಾಕ್‌ನಲ್ಲೇ, ವೈದ್ಯರ ಚೀಟಿಯೊಂದಿಗೆ ಒಯ್ಯುವುದು ಒಳ್ಳೆಯದು.

ಕೌಶಲ ಬೇಡುವ ಹುದ್ದೆಗಳಿಗೆ ಪದವಿ ಪ್ರಮಾಣಪತ್ರದ ದೃಢೀಕರಣ ಕೇಳುತ್ತಾರೆ. ಸಾಮಾನ್ಯವಾಗಿ ಇದು ಪದವಿ ಕೊಟ್ಟ ರಾಜ್ಯದಲ್ಲಿ ಶುರುವಾಗಿ, ವಿದೇಶಾಂಗ ಸಚಿವಾಲಯ ದಾಟಿ ಯುಎಇ ರಾಯಭಾರ ಕಚೇರಿಗೆ ಹೋಗುತ್ತದೆ. ಧಾರವಾಡದಲ್ಲಿ ಓದಿ ಪುಣೆಯಲ್ಲಿ ದುಡಿಯುತ್ತಿರುವವರ ಕಾಗದ ಮೊದಲು ಬೆಂಗಳೂರಿಗೆ ಹೋಗಬೇಕಾಗಬಹುದು. ಟಿಕೆಟ್ ಕಾಯ್ದಿರಿಸುವ ಮೊದಲೇ ಈ ಕೆಲಸ ಮುಗಿಸಿ.

ಮಿಕ್ಸಿ, ಚಾರ್ಜರ್‌ಗಳಿಗೆ ವೋಲ್ಟೇಜ್ ಸಮಸ್ಯೆಯಿಲ್ಲ. ಅಲ್ಲಿನದು ಚಪ್ಪಟೆ ಮೂರು ಪಿನ್‌ನ ಬ್ರಿಟಿಷ್ ಸಾಕೆಟ್ ಆದ್ದರಿಂದ ಅಡಾಪ್ಟರ್ ಸಾಕು. ಜೊತೆಗೊಂದು ಸ್ವೆಟರ್ ಇರಲಿ. ಹೊರಗೆ ಎಷ್ಟೇ ಬಿಸಿಲಿದ್ದರೂ ಕಚೇರಿ, ಮಾಲ್, ಮೆಟ್ರೊಗಳಲ್ಲಿ ಎಸಿ ನಡುಗಿಸುತ್ತದೆ. ಜನವರಿಯ ರಾತ್ರಿಗಳಲ್ಲಿ ತಾಪಮಾನ 15 ಡಿಗ್ರಿ ಆಸುಪಾಸಿಗೆ ಇಳಿಯುವುದೂ ಉಂಟು.