ಕೈಯೊಡ್ಡಿ ಏರುವ ವಾಹನ

ಬಜಗೋಳಿಯ ಪೇಟೆಯಲ್ಲಿ ಸಂಜೆಯ ಹೊತ್ತು ನಿಂತವರಿಗೆ ಈ ದೃಶ್ಯ ಹೊಸದಲ್ಲ. ಕಾರ್ಕಳದಿಂದ ಬಂದ ಹೆದ್ದಾರಿ ಇಲ್ಲಿಂದ ಮಾಳದ ಮೂಲಕ ಘಟ್ಟವನ್ನೇರುತ್ತದೆ. ಇನ್ನೊಂದು ದಾರಿ ನಾರಾವಿಯ ಮೇಲಾಗಿ ಧರ್ಮಸ್ಥಳದ ಕಡೆಗೆ ಹೊರಳುತ್ತದೆ. ಬಸ್ಸು ತಪ್ಪಿದ ಹುಡುಗರು ಚೀಲ ಹೆಗಲಿಗೇರಿಸಿ, ಹೋಗುವ ವಾಹನಗಳಿಗೆಲ್ಲ ಕೈಯೊಡ್ಡುತ್ತಾರೆ. ಯಾರಾದರೊಬ್ಬ ಪುಣ್ಯಾತ್ಮ ನಿಲ್ಲಿಸಿದರೆ, "ಅಣ್ಣ, ಮಾಳದವರೆಗೆ ಬಿಡ್ತೀರಾ?" ಎಂದು ಕೇಳಿ ಏರಿಬಿಡುತ್ತಾರೆ.

ಇದಕ್ಕೆ 'ಲಿಫ್ಟು' ಎಂಬುದೇ ರೂಢಿಯ ಮಾತು. ಪಂಡಿತನಾದ ನನಗೆ ಕನ್ನಡದ್ದೇ ಒಂದು ಪದವನ್ನು ಹುಡುಕುವ ಚಪಲವುಂಟು; ಹುಡುಗರು ನಗುತ್ತಾರೆಂದು ಸುಮ್ಮನಿದ್ದೇನೆ. ನಮ್ಮ ಹಳೆಯ ಕಥೆಗಳಲ್ಲಿ ಒಂಟಿ ಪಯಣಿಗನು 'ಸಾರ್ಥ'ವನ್ನು, ಎಂದರೆ ವ್ಯಾಪಾರಿಗಳ ತಂಡವನ್ನು, ಕೂಡಿಕೊಂಡು ಕಾಡು ದಾಟುತ್ತಿದ್ದನು. ಅಲ್ಲಿ ಹತ್ತಾರು ಕಣ್ಣುಗಳ ಕಾವಲಿತ್ತು. ಲಿಫ್ಟಿನಲ್ಲಿ ಇರುವವರು ಇಬ್ಬರೇ.

ನನಗೆ ಆಗ ಹದಿನೆಂಟು. ಆಟಿಯ ಮಳೆಯಲ್ಲಿ ಕಳಸದ ಅತ್ತೆಯ ಮನೆಗೆಂದು ಹೊರಟವನು ಅಕ್ಕಿಯ ಲಾರಿಯೊಂದನ್ನು ಹತ್ತಿ, ಟಾರ್ಪಾಲಿನ ಅಡಿಯಲ್ಲಿ ಮೂಟೆಗಳ ಮೇಲೆ ಕುಳಿತೆ. ಘಾಟಿಯ ತಿರುವಿನಲ್ಲಿ ಲಾರಿ ಕೆಟ್ಟು ನಿಂತಿತು, ಕತ್ತಲೂ ಆಯಿತು. ಚಾಲಕ ಒಳ್ಳೆಯವನು. ಹಿಂದಿನಿಂದ ಬಂದ ಜೀಪನ್ನು ತಡೆದು, ಅದರವನ ಊರು, ಹೆಸರು ವಿಚಾರಿಸಿಕೊಂಡ ಮೇಲೆಯೇ ನನ್ನನ್ನು ಹತ್ತಿಸಿದ. ನಾನಾದರೋ ಆ ಲಾರಿಯವನ ಹೆಸರನ್ನೇ ಕೇಳಿರಲಿಲ್ಲ!

ಅಪಾಯವೆಂದೊಡನೆ ನಮಗೆ ನೆನಪಾಗುವುದು ಅಪರಿಚಿತನ ದುಷ್ಟತನ. ಅದು ಇಲ್ಲವೆಂದಲ್ಲ. ಆದರೆ ಸಜ್ಜನನ ಲಾರಿಯೂ ಉರುಳಬಹುದಷ್ಟೆ. ಆಗ ಏನು ಗತಿ? 1988ರ ಮೋಟಾರು ವಾಹನ ಕಾಯಿದೆಯ 147ನೆಯ ಕಲಮು ಬಸ್ಸಿನ ಪ್ರಯಾಣಿಕನಿಗೆ ವಿಮೆಯ ರಕ್ಷಣೆ ಕೊಟ್ಟಿದೆ. ಸರಕಿನ ವಾಹನದಲ್ಲಿ ಜೊತೆಗೆ ಹೋಗುವ ಸರಕಿನ ಒಡೆಯನಿಗೂ ಅವನ ಪ್ರತಿನಿಧಿಗೂ 1994ರ ತಿದ್ದುಪಡಿಯಿಂದ ಅದು ದೊರೆಯಿತು. ಬಿಟ್ಟಿಯಾಗಿ ಏರಿದವನಿಗೆ ಮಾತ್ರ ಇಲ್ಲ. ಸರ್ವೋಚ್ಚ ನ್ಯಾಯಾಲಯ 2002ರ ತೀರ್ಪೊಂದರಲ್ಲಿ ಇದನ್ನು ಸ್ಪಷ್ಟಪಡಿಸಿತು. ಪರಿಹಾರವನ್ನು ಲಾರಿಯ ಒಡೆಯನಿಂದ ಪಡೆಯಬೇಕು. ಅವನ ಕೈ ಬರಿದಾಗಿದ್ದರೆ ಮನೆಯವರಿಗೆ ಉಳಿಯುವುದು ಆಸ್ಪತ್ರೆಯ ಸಾಲ. ಬೈಕಿನ ಸಂಗತಿಯೂ ಇಷ್ಟೇ. ಬರಿಯ ಕಡ್ಡಾಯ ವಿಮೆಯಿದ್ದರೆ ಹಿಂದೆ ಕುಳಿತವನು ಅದರ ಹೊರಗೆಂದು ಅದೇ ನ್ಯಾಯಾಲಯ 2006ರಲ್ಲಿ ಹೇಳಿತು. ಹಿಂದೆ ಕುಳಿತವರಿಗೂ ಹೆಲ್ಮೆಟ್ಟು ಬೇಕೆಂದು ಕರ್ನಾಟಕದಲ್ಲಿ 2016ರಿಂದ ಕಡ್ಡಾಯವಾಗಿದೆ. ಹೆಲ್ಮೆಟ್ಟು ಹಿಡಿದುಕೊಂಡು ಲಿಫ್ಟು ಕೇಳುವ ಹುಡುಗನನ್ನು ನಾನಿನ್ನೂ ಕಂಡಿಲ್ಲ.

ಹಾಗೆಂದು ಹಗಲಿನಲ್ಲಿ ಗುರುತಿನವರ ಕಾರಿನಲ್ಲಿ ಕಾರ್ಕಳಕ್ಕೆ ಹೋಗಬೇಡವೆಂದರೆ ಅದು ಅತಿಯಾದೀತು. ಘಟ್ಟದ ದಾರಿಯ ಲೆಕ್ಕ ಬೇರೆ. 1987ರಲ್ಲಿ ರಾಷ್ಟ್ರೀಯ ಉದ್ಯಾನವಾದ ಕುದುರೆಮುಖದ ಕಾಡು ಅದು. ಕಾರಿನವನು ತನ್ನ ದಾರಿ ಬೇರೆಯೆಂದು ಎಸ್.ಕೆ. ಬಾರ್ಡರಿನಲ್ಲಿ ಇಳಿಸಿಹೋದರೆ ಮುಂದೇನು? ಮೊಬೈಲಿಗೆ ಸಿಗ್ನಲ್ಲು ಎಲ್ಲೆಡೆಯೂ ಸಿಕ್ಕೀತೆಂಬ ಭರವಸೆಯಿಲ್ಲ. ಆದ್ದರಿಂದ "ಎಲ್ಲಿಯವರೆಗೆ ಹೋಗ್ತೀರಿ?" ಎಂಬ ಪ್ರಶ್ನೆ ಏರುವ ಮೊದಲೇ ಬರಬೇಕು. ವಾಹನದ ಸಂಖ್ಯೆಯನ್ನು ಚಾಲಕನಿಗೆ ಕೇಳಿಸುವಂತೆಯೇ ಮನೆಗೆ ತಿಳಿಸಬೇಕು. ಪ್ರಾಮಾಣಿಕನಾದವನು ಅದಕ್ಕೆ ಮುನಿಯುವುದಿಲ್ಲ. ಕೇಳದೆಯೇ ತಾನಾಗಿ ನಿಲ್ಲಿಸಿ ಕರೆಯುವವನಿಗೆ "ಬೇಡ" ಎಂದರೆ ಅದು ಅಸಭ್ಯತೆಯಲ್ಲ. ಹುಡುಗಿಯರಿಗೆ ಮಾತ್ರ ಈ ಉಪದೇಶವೆಂದು ಹಿರಿಯರು ತಿಳಿಯುವುದುಂಟು. ಹುಡುಗರಿಗೂ ಕೆಡುಕಾಗುತ್ತದೆ, ಅವರು ಹೇಳಿಕೊಳ್ಳುವುದಿಲ್ಲ, ಅಷ್ಟೆ. 112ಕ್ಕೆ ಕರೆ ಮಾಡುವುದನ್ನು ಇಬ್ಬರಿಗೂ ಕಲಿಸಬೇಕು.

ಲಿಫ್ಟು ಕೇಳುವವರಲ್ಲಿ ಸಾಹಸಿಗಳು ಕಡಿಮೆ, ಬಸ್ಸು ತಪ್ಪಿದವರೇ ಹೆಚ್ಚು. ಇದರಲ್ಲಿ ನಮ್ಮ ಪಾಲೂ ಇದೆ. ವಿಶೇಷ ತರಗತಿಯ ದಿನಗಳಲ್ಲಿ ನಾನು ಈಗ ಬಸ್ಸಿನ ವೇಳೆಗೆ ಹತ್ತು ನಿಮಿಷ ಮೊದಲೇ ಪುಸ್ತಕ ಮುಚ್ಚುತ್ತೇನೆ. ಸಮಾಸಪ್ರಕರಣ ಮರುದಿನಕ್ಕೆ ಕಾದೀತು.