ಒಂದೇ ಬೆಂಚಿನ ಕೊನೆಯ ದಿನ

ಗೇರುಮರಗಳಲ್ಲಿ ಹಣ್ಣು ಕೆಂಪೇರತೊಡಗಿದಾಗ ಕರಾವಳಿಯ ಪ್ರೌಢಶಾಲೆಗಳ ಹತ್ತನೆಯ ತರಗತಿಗೆ ಎರಡು ಚಿಂತೆಗಳು ಒಟ್ಟಿಗೇ ಹತ್ತಿಕೊಳ್ಳುತ್ತವೆ. ಒಂದು ಪರೀಕ್ಷೆ, ಇನ್ನೊಂದು ಬೀಳ್ಕೊಡುಗೆ. ಮೊದಲನೆಯದು ಮನೆಯವರ ಚಿಂತೆ, ಮಾಸ್ತರರ ಚಿಂತೆ, ಒಮ್ಮೊಮ್ಮೆ ಇಡೀ ಊರಿನ ಚಿಂತೆ. ಎರಡನೆಯದು ಮಾತ್ರ ಮಕ್ಕಳ ಸ್ವಂತದ್ದು. ಬಾಯ್ಮಾತಿನಲ್ಲಿ ಅವರು ಅದನ್ನು ‘ಸೆಂಡಾಫ್’ ಎನ್ನುತ್ತಾರೆ. ಆಮಂತ್ರಣ ಪತ್ರಿಕೆಯಲ್ಲಿ ಅಚ್ಚಾಗುವಾಗ ಅದೇ ‘ಬೀಳ್ಕೊಡುವ ಸಮಾರಂಭ’ವಾಗಿ ಗಂಭೀರ ಮುಖ ಮಾಡಿಕೊಳ್ಳುತ್ತದೆ.

ಭಟ್ಕಳ ತಾಲೂಕಿನ ಮಾವಳ್ಳಿಯ ಹೆಸರು ಹೊರಗಿನವರಿಗೆ ಅಷ್ಟಾಗಿ ತಿಳಿದಿಲ್ಲ. ಬೆಂಗಳೂರಿನವರಿಗೆ ಮಾವಳ್ಳಿಯೆಂದರೆ ಲಾಲ್‌ಬಾಗಿನ ಮಗ್ಗುಲಿನ ದೋಸೆಯೇ ನೆನಪಾದೀತು. ಆದರೆ ಮುರ್ಡೇಶ್ವರವೆಂದರೆ ಯಾರಿಗೆ ಗೊತ್ತಿಲ್ಲ? ಆ ಮುರ್ಡೇಶ್ವರವಿರುವುದು ಇದೇ ಮಾವಳ್ಳಿಯಲ್ಲಿ. ದೂರದೂರದಿಂದ ಬಂದವರು 123 ಅಡಿಯ ಶಿವನ ವಿಗ್ರಹವನ್ನು ಕತ್ತೆತ್ತಿ ನೋಡಿ, ರಾಜಗೋಪುರವನ್ನೇರಿ ಕಡಲನ್ನು ಕಂಡು, ಸಂಜೆಯ ಹೊತ್ತಿಗೆ ಮರಳಿಹೋಗುತ್ತಾರೆ. ಅವರ ವಾಹನಗಳು ಸಾಲುಗಟ್ಟುವ ರಸ್ತೆಯಲ್ಲಿಯೇ ಬೆಳಿಗ್ಗೆ ಒಂಬತ್ತರ ಸುಮಾರಿಗೆ ಚೀಲ ಹೊತ್ತ ಮಕ್ಕಳ ಇನ್ನೊಂದು ಸಾಲು ನಡೆದಿರುತ್ತದೆ. ಪ್ರವಾಸಿಗರ ಛಾಯಾಚಿತ್ರಗಳಲ್ಲಿ ಈ ಸಾಲು ಬೀಳುವುದಿಲ್ಲ.

ಈ ಸೀಮೆಯ ಹತ್ತನೆಯ ತರಗತಿಯೊಂದನ್ನು ಒಳಹೊಕ್ಕು ನೋಡಬೇಕು. ರಾತ್ರಿಯೆಲ್ಲ ಕಡಲಿನಲ್ಲಿದ್ದು ಬೆಳಗಿನ ಜಾವ ಬಲೆ ಎಳೆದು ಬಂದವನ ಮಗ ಅಲ್ಲಿದ್ದಾನೆ. ಅವನ ಮಗ್ಗುಲಲ್ಲಿ ಗದ್ದೆ, ತೆಂಗು, ನಾಲ್ಕು ಅಡಕೆ ಮರಗಳನ್ನು ನಂಬಿದ ಮನೆಯ ಹುಡುಗ. ಆಚೆ ಬದಿಯಲ್ಲಿ ದೇವಸ್ಥಾನದ ದಾರಿಯಲ್ಲಿ ಹೂಕಾಯಿ ಮಾರುವವರ ಮಗಳು; ಅವಳ ಹಿಂದೆ, ತಂದೆಯ ಮುಖವನ್ನು ಎರಡು ವರ್ಷಕ್ಕೊಮ್ಮೆ ಕೊಲ್ಲಿ ದೇಶದಿಂದ ಬಂದಾಗ ಮಾತ್ರ ಕಾಣುವ ಹುಡುಗಿ. ಮನೆಯಲ್ಲಿ ಒಬ್ಬರದು ಕನ್ನಡ, ಒಬ್ಬರದು ಕೊಂಕಣಿ, ಮತ್ತೊಬ್ಬರದು ನವಾಯಿತಿ. ಎಲ್ಲ ಶಾಲೆಗಳಲ್ಲೂ ಎಲ್ಲರೂ ಹೀಗೆ ಬೆರೆತು ಕೂಡುತ್ತಾರೆಂದು ಹೇಳಲಾಗದು. ಭಟ್ಕಳದ ಅಂಜುಮನ್ ಸಂಸ್ಥೆ 1919ರಿಂದಲೇ ತನ್ನದೇ ವಿದ್ಯಾಲಯಗಳನ್ನು ನಡೆಸಿಕೊಂಡು ಬಂದಿದೆ. ಆಂಗ್ಲ ಮಾಧ್ಯಮದ ಶಾಲೆಗಳು ಈಗ ಬೇರೆಯೇ ಮಕ್ಕಳನ್ನು ಸೆಳೆಯುತ್ತವೆ. ಆದರೂ ಕನ್ನಡ ಶಾಲೆಯ ಬೆಂಚು ಇಂದಿಗೂ ಸಾಕಷ್ಟು ಅಗಲವಾಗಿಯೇ ಉಳಿದಿದೆ. ಅದರ ಮೇಲೆ ಈ ಮಕ್ಕಳು ಒತ್ತಿಕೊಂಡು ಕೂಡುವ ಕೊನೆಯ ದಿನವೇ ಬೀಳ್ಕೊಡುಗೆಯ ದಿನ.

ಅಂದು ಶಾಲೆಯ ಯಜಮಾನಿಕೆ ಒಂಬತ್ತನೆಯ ತರಗತಿಯವರದು. ಬಣ್ಣದ ಕಾಗದ, ಮಾವಿನ ತೋರಣ, ಶಾರದೆಯ ಪಟಕ್ಕೆ ಸಿಂಗಾರ, ಕರಿಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಿಂದ ಬರೆದ ಸ್ವಾಗತ: ಎಲ್ಲವೂ ಅವರ ಕೈಯ ಕೆಲಸ. ಬಿಸಿಯೂಟದ ಅಡುಗೆಯವರು ಅಂದು ಸಾರಿನ ಪಾತ್ರೆಯ ಪಕ್ಕದಲ್ಲಿ ಪಾಯಸದ ಪಾತ್ರೆಯನ್ನೂ ಇಡುತ್ತಾರೆ. ಮೂರು ವರ್ಷ ಯಾರ ತಟ್ಟೆಗೆ ಎಷ್ಟು ಅನ್ನ ಬೇಕೆಂದು ಕೇಳದೆಯೇ ಬಡಿಸಿದವರು ಅವರು. ವೇದಿಕೆಯ ಮೇಲೆ ಅವರಿಗೆ ಕುರ್ಚಿಯಿರುವುದು ಅಪರೂಪ.

ಪ್ರಾರ್ಥನೆ, ಸ್ವಾಗತ, ಮುಖ್ಯಾಧ್ಯಾಪಕರ ನಾಲ್ಕು ಮಾತು ಇವು ಎಲ್ಲ ಕಡೆಯೂ ಒಂದೇ ರೀತಿ. ರುಚಿಯಿರುವುದು ಅನಂತರದ ‘ಅನಿಸಿಕೆ’ಗಳಲ್ಲಿ. ವರ್ಷವಿಡೀ ತರಗತಿಯನ್ನು ತಲೆಯ ಮೇಲೆ ಹೊತ್ತು ಮೆರೆದ ಹುಡುಗ ಮುಂದೆ ಬಂದು ನಿಂತು, ‘ಎಲ್ಲರಿಗೂ ನಮಸ್ಕಾರ’ ಎಂದವನು ಮುಂದಿನ ಮಾತು ಸಿಗದೆ ಮರಳಿ ಹೋಗಿ ಕೂಡುತ್ತಾನೆ. ಹಾಜರಿ ಕೂಗುವಾಗ ಬಿಟ್ಟರೆ ದನಿಯೇ ಕೇಳಿರದಿದ್ದ ಹುಡುಗಿ ಕಾಗದವಿಲ್ಲದೆ ಹತ್ತು ನಿಮಿಷ ಮಾತನಾಡುತ್ತಾಳೆ. ಎಂಟನೆಯ ತರಗತಿಯಲ್ಲಿ ತಾನು ಶಾಲೆ ಬಿಡಲು ಹೊರಟಾಗ ಅಕ್ಕೋರು ಮನೆಯವರೆಗೆ ನಡೆದುಬಂದು ಅಮ್ಮನೊಡನೆ ಮಾತನಾಡಿದ್ದನ್ನು ಹೇಳುತ್ತಾಳೆ. ಅಕ್ಕೋರಿಗೆ ಆ ಸಂಗತಿ ಮರೆತೇ ಹೋಗಿರುತ್ತದೆ. ಬೆತ್ತ ಹಿಡಿಯದೆಯೂ ಹೆದರಿಸಬಲ್ಲ ಗಣಿತದ ಮಾಸ್ತರರು ಆ ಹೊತ್ತಿಗೆ ಕಿಟಕಿಯ ಹೊರಗೆ ಏನನ್ನೋ ಬಹಳ ಆಸಕ್ತಿಯಿಂದ ನೋಡುತ್ತಿರುತ್ತಾರೆ.

ಬಳಿಕ ಕೊಡುಗೆ. ಹೋಗುವ ತರಗತಿ ಶಾಲೆಗೆ ಏನನ್ನಾದರೂ ಕೊಟ್ಟೇ ಹೋಗಬೇಕೆಂಬುದು ಬರೆಯದ ಕಾನೂನು. ಯಾವುದೇ ಹಳೆಯ ಶಾಲೆಯ ಕಚೇರಿಯಲ್ಲಿ ಕುಳಿತು ಸುತ್ತ ನೋಡಿದರೆ ಆ ಶಾಲೆಯ ಚರಿತ್ರೆಯನ್ನು ಸಾಮಾನುಗಳ ಮೇಲೆಯೇ ಓದಬಹುದು. ಕಬ್ಬಿಣದ ಕಪಾಟಿನ ಬೆನ್ನಿಗೆ ಕೆಂಪು ಬಣ್ಣದಲ್ಲಿ ಒಂದು ಸಾಲಿನ ವಿದ್ಯಾರ್ಥಿಗಳ ಹೆಸರು. ಕುರ್ಚಿಗಳಿಗೆ ಇನ್ನೊಂದು ಸಾಲು. ಪಂಖದ ರೆಕ್ಕೆಗೆ ಮತ್ತೊಂದು. ಗೋಡೆಯ ಗಡಿಯಾರಗಳಂತೂ ಎಣಿಕೆಗೆ ಮೀರಿದವು. ಅವುಗಳಲ್ಲಿ ಒಂದೆರಡು ನಿಂತೇ ವರ್ಷಗಳಾಗಿರುತ್ತವೆ. ಆದರೆ ಹೆಸರು ಬರೆದಿರುವ ಗಡಿಯಾರವನ್ನು ಗೋಡೆಯಿಂದ ಇಳಿಸಲು ಯಾವ ಮುಖ್ಯಾಧ್ಯಾಪಕರಿಗೂ ಧೈರ್ಯ ಬರುವುದಿಲ್ಲ. ಎಂದಾದರೊಂದು ದಿನ ಕೊಟ್ಟವನೇ ತನ್ನ ಮಗುವನ್ನು ಸೇರಿಸಲು ಬಂದು ಅದನ್ನು ಹುಡುಕಿದರೆ?

ಹಿಂದೆ ಗುಲಾಬಿ, ನೀಲಿ, ಹಸಿರು ಹಾಳೆಗಳ ಆಟೋಗ್ರಾಫ್ ಪುಸ್ತಕಗಳಿದ್ದವು. ಮಾಸ್ತರರು ಅದರಲ್ಲಿ ಒಂದು ಹಿತವಚನವನ್ನು ಬರೆದು ದಿನಾಂಕ ಸಹಿತ ರುಜು ಹಾಕುತ್ತಿದ್ದರು; ಗೆಳೆಯರು ಪ್ರಾಸಬದ್ಧವಾಗಿ ಮರೆಯಬೇಡವೆಂದು ಬೇಡುತ್ತಿದ್ದರು. ಚುಟುಕು ಕವಿ ದಿನಕರ ದೇಸಾಯಿಯವರ ಜಿಲ್ಲೆಯಲ್ಲಿ ನಾಲ್ಕು ಸಾಲಿನ ಪದ್ಯಕ್ಕೆ ಎಂದೂ ಬರವಿರಲಿಲ್ಲ. ಈಗ ಆ ಪುಸ್ತಕದ ಜಾಗವನ್ನು ಮೈಮೇಲಿನ ಅಂಗಿಯೇ ಹಿಡಿದಿದೆ. ಕೊನೆಯ ಪರೀಕ್ಷೆ ಮುಗಿದೊಡನೆ ಬಿಳಿಯ ಸಮವಸ್ತ್ರದ ಮೇಲೆ ಒಬ್ಬರಿಗೊಬ್ಬರು ಹೆಸರು ಬರೆಯುತ್ತಾರೆ. ಗೇರುಹಣ್ಣಿನ ಕಲೆಯೊಡನೆ ವರ್ಷಗಟ್ಟಲೆ ಹೋರಾಡಿದ ತಾಯಂದಿರು ಈ ಹೊಸ ಕಲೆಯನ್ನು ಕಂಡು ಒಂದಿಷ್ಟು ಬೈದು, ಅಂಗಿಯನ್ನು ತೊಳೆಯದೆಯೇ ಮಡಿಸಿಡುತ್ತಾರೆ.

ದಿನಕರ ದೇಸಾಯಿಯವರ ಹೆಸರು ಇಲ್ಲಿ ಚುಟುಕಿಗಾಗಿ ಮಾತ್ರ ಬಂದುದಲ್ಲ. ಈ ಭಾಗದ ಹಳ್ಳಿಗಳ ಮಕ್ಕಳಿಗೆ ಬೀಳ್ಕೊಡುಗೆಯ ಭಾಗ್ಯ ಬಹಳ ಹಳೆಯದಲ್ಲ. ಬೀಳ್ಕೊಡಲು ಮೊದಲು ಹೈಸ್ಕೂಲು ಇರಬೇಕಷ್ಟೆ? 1956ರ ನವೆಂಬರ್ 1ರ ವರೆಗೆ ಉತ್ತರ ಕನ್ನಡವು ಮುಂಬಯಿಗೆ ಸೇರಿತ್ತು. ಹನ್ನೊಂದನೆಯ ಇಯತ್ತೆಯವರೆಗೆ ಓದಿ ಮೆಟ್ರಿಕ್ಕಿಗೆ ಕೂಡಬೇಕಾಗಿದ್ದ ಕಾಲವದು. ಹೈಸ್ಕೂಲುಗಳು ಹೆಚ್ಚಾಗಿ ಪೇಟೆಗಳಲ್ಲಿದ್ದವು. ಹಳ್ಳಿಯ ಹುಡುಗ ಮೈಲಿಗಟ್ಟಲೆ ನಡೆಯಬೇಕು, ಇಲ್ಲವೇ ನೆಂಟರ ಮನೆಯ ಜಗುಲಿಯಲ್ಲಿ ಉಳಿಯಬೇಕು. ಶರಾವತಿಗೆ ಸೇತುವೆಯಾಗುವ ಮೊದಲು ಮಾವಳ್ಳಿಯ ಕಡೆಯವನು ಹೊನ್ನಾವರವನ್ನು ಮುಟ್ಟಲು ದೋಣಿಯನ್ನೇ ನೆಚ್ಚಬೇಕಾಗಿತ್ತು. ರೈತರ ಪರವಾಗಿ ಹೋರಾಡಿ ಬ್ರಿಟಿಷ್ ಸರಕಾರದಿಂದ ಜಿಲ್ಲೆಯ ಹೊರಗೆ ಹಾಕಿಸಿಕೊಂಡಿದ್ದ ದೇಸಾಯಿಯವರು 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟನ್ನು ಸ್ಥಾಪಿಸಿದರು. ಜಿಲ್ಲೆಯ ಮೂಲೆಮೂಲೆಗೆ ಹೈಸ್ಕೂಲುಗಳು ಹಬ್ಬಿದುದರಲ್ಲಿ ಅದರ ಪಾಲು ದೊಡ್ಡದು.

ಹೈಸ್ಕೂಲು ಹತ್ತಿರ ಬಂದಿತು. ಆದರೆ ಅದನ್ನು ಮುಗಿಸಿದವರು ದೂರ ಹೋಗುವುದು ತಪ್ಪಲಿಲ್ಲ. ಕುಮಟಾ ತಾಲೂಕಿನ ಹನೇಹಳ್ಳಿಯ ಯಶವಂತ ಚಿತ್ತಾಲರು ಓದಿಗಾಗಿ ಊರು ಬಿಟ್ಟವರು ಮುಂಬಯಿಯಲ್ಲಿ ನೆಲೆಸಿ, ಅಲ್ಲಿಯೇ 2014ರಲ್ಲಿ ತೀರಿಕೊಂಡರು. ಬಿಟ್ಟುಬಂದ ಹನೇಹಳ್ಳಿ ಮಾತ್ರ ಅವರ ಕಥೆಗಳನ್ನು ಬಿಡಲಿಲ್ಲ. ಅದೇ ತಾಲೂಕಿನ ಗೋಕರ್ಣದಲ್ಲಿ ಗೌರೀಶ ಕಾಯ್ಕಿಣಿಯವರು ಭದ್ರಕಾಳಿ ಹೈಸ್ಕೂಲಿನ ಮಾಸ್ತರರಾಗಿ ಊರಿನಲ್ಲಿಯೇ ಉಳಿದು, ಲೋಕದ ವಿಚಾರಗಳನ್ನೆಲ್ಲ ಅಲ್ಲಿಂದಲೇ ಬರೆದರು. ಬೀಳ್ಕೊಡುಗೆಯ ದಿನ ಒಂದೇ ಕೊಠಡಿಯಲ್ಲಿರುವ ಎರಡು ಬಗೆಯ ಜನರಿವರು. ವರ್ಷವರ್ಷವೂ ಹೋಗುವವರನ್ನು ಕಳಿಸುತ್ತ ತಾವು ಅಲ್ಲಿಯೇ ನಿಲ್ಲುವವರ ಎದೆಯಲ್ಲಿ ಏನಾಗುತ್ತದೆಂಬುದನ್ನು ಯಾವ ವಂದನಾರ್ಪಣೆಯೂ ಹೇಳಿಲ್ಲ.

ಹೋಗುವುದೆಂದರೆ ಎಲ್ಲರಿಗೂ ಒಂದೇ ಅರ್ಥವಲ್ಲ. ಹಲವು ಹುಡುಗಿಯರಿಗೆ ಒಂದು ಕಾಲದಲ್ಲಿ ಸೆಂಡಾಫ್ ಎಂದರೆ ಶಾಲೆಗಷ್ಟೇ ಅಲ್ಲ, ಓದಿಗೇ ವಿದಾಯ. ಅಂದು ಅವರು ಅತ್ತ ಅಳುವಿನಲ್ಲಿ ಗೆಳತಿಯರನ್ನು ಅಗಲುವ ದುಃಖ ಎಷ್ಟು, ಮುಂದೆ ಮನೆಯೇ ಗತಿಯೆಂಬ ದುಃಖ ಎಷ್ಟು ಎಂದು ಅಳೆದವರಿಲ್ಲ. ಅವರಲ್ಲಿ ಕೆಲವರು ಇಂದು ಮೊಮ್ಮಗಳ ಬೀಳ್ಕೊಡುಗೆಗೆ ಸೀರೆ ಉಡಿಸಿ ಕಳಿಸುವ ಅಜ್ಜಿಯರು. ಕಾಲ ಬದಲಾಗಿದೆ. 2006-07ರಿಂದ ಸರಕಾರವು ಎಂಟನೆಯ ತರಗತಿಗೆ ಸೈಕಲ್ ಕೊಡತೊಡಗಿದಾಗ ದೂರದ ಕೇರಿಗಳ ಹುಡುಗಿಯರಿಗೆ ಶಾಲೆ ಹತ್ತಿರವಾಯಿತು. ಮುರ್ಡೇಶ್ವರದಲ್ಲಿಯೇ ಹುಟ್ಟಿ ಉದ್ಯಮಿಯಾದ ಆರ್. ಎನ್. ಶೆಟ್ಟರ ಹೆಸರಿನಲ್ಲಿ ಊರಿಗೇ ಪಾಲಿಟೆಕ್ನಿಕ್ಕೂ ಕಾಲೇಜೂ ಬಂದವು. 2023ರ ಜೂನಿನಿಂದ ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟಿನ ಹಣವಿಲ್ಲ. ಭಟ್ಕಳವೋ ಹೊನ್ನಾವರವೋ ಎಂದು ಲೆಕ್ಕ ಹಾಕುವಾಗ ಬಡವರ ಮನೆಯಲ್ಲಿ ಇದು ಸಣ್ಣ ಮಾತಲ್ಲ.

ಹುಡುಗರ ದಾರಿಯಲ್ಲಿ ಕಡಲು ಅಡ್ಡ ನಿಂತಿರುತ್ತದೆ. ಫಲಿತಾಂಶ ಬರುವುದು ಸಾಮಾನ್ಯವಾಗಿ ಮೇ ತಿಂಗಳಿನಲ್ಲಿ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಆ ಮಳೆಗಾಲದಲ್ಲಿ ಕಾಲೇಜಿನ ಅರ್ಜಿ ತುಂಬದೆ ಉಳಿದವನು ಆಗಸ್ಟಿನಲ್ಲಿ ದೋಣಿಗಳು ಇಳಿದಾಗ ಅವುಗಳೊಡನೆ ತಾನೂ ಇಳಿದುಬಿಡುತ್ತಾನೆ. ಅನುಭವಸ್ಥ ಮಾಸ್ತರರಿಗೆ ಇದು ಗೊತ್ತು. ಸೆಂಡಾಫಿನ ದಿನ ಅವರು ಜಾಣರನ್ನು ಹೆಚ್ಚು ಮಾತನಾಡಿಸುವುದಿಲ್ಲ. ಕೊನೆಯ ಬೆಂಚಿನವನ ಹೆಗಲ ಮೇಲೆ ಕೈಯಿಟ್ಟು, ‘ಫೇಲಾದರೂ ನನ್ನ ಹತ್ತಿರ ಬಾ ಮಾರಾಯ’ ಎನ್ನುತ್ತಾರೆ. ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಪರೀಕ್ಷೆಗೆ ಅವಕಾಶವಾಗಿರುವುದರಿಂದ ಆ ಮಾತಿಗೆ ಈಗ ಬಲ ಬಂದಿದೆ. ಆದರೆ ಹುಡುಗ ಮರಳಿ ಬರಬೇಕಲ್ಲ!

ಬೀಳ್ಕೊಡುಗೆಯ ಬೆಲೆ ಚೆನ್ನಾಗಿ ತಿಳಿದುದು ಅದು ನಡೆಯದೆ ಹೋದ ವರ್ಷ. 2020ರ ಮಾರ್ಚಿನಲ್ಲಿ ಶಾಲೆಗಳು ಥಟ್ಟನೆ ಮುಚ್ಚಿದವು. ಆ ತಿಂಗಳ 27ಕ್ಕೆ ಆರಂಭವಾಗಬೇಕಿದ್ದ ಪರೀಕ್ಷೆ ಜೂನ್ 25ಕ್ಕೆ ಹೋಯಿತು. ಸಮಾರಂಭವನ್ನು ಪರೀಕ್ಷೆಯ ಹೊಸ್ತಿಲಿಗೆ ಇಟ್ಟುಕೊಂಡಿದ್ದ ಶಾಲೆಗಳಲ್ಲಿ ಅದು ನಡೆಯಲೇ ಇಲ್ಲ. ಮುಂದಿನ ವರ್ಷದವರದು ಇನ್ನೂ ವಿಚಿತ್ರ: ವರ್ಷದ ಬಹುಪಾಲು ಮನೆಯಲ್ಲಿ ಕಳೆದು, 2021ರ ಜುಲೈ 19 ಮತ್ತು 22 ಎರಡೇ ದಿನಗಳಲ್ಲಿ ಆರೂ ವಿಷಯಗಳನ್ನು ಬರೆದು ಮುಗಿಸಿದರು. ಮುಖದ ಅರ್ಧಕ್ಕೆ ಮಾಸ್ಕು. ಗೆಳೆಯನು ನಕ್ಕನೋ ಅತ್ತನೋ ತಿಳಿಯುವಂತಿಲ್ಲ. ಪಾಸಾದರು, ಚೆದುರಿದರು. ಪಾಯಸವಿಲ್ಲ, ಛಾಯಾಚಿತ್ರವಿಲ್ಲ, ಗಡಿಯಾರವಿಲ್ಲ.

ಛಾಯಾಚಿತ್ರಕ್ಕೆ ಎಷ್ಟು ಬೆಲೆಯೆಂಬುದನ್ನು ಈಗೀಗ ಎಲ್ಲೆಡೆ ನಡೆಯುವ ‘ಗುರುವಂದನೆ’ಗಳಲ್ಲಿ ಕಾಣಬೇಕು. ಇಪ್ಪತ್ತು ಇಪ್ಪತ್ತೈದು ವರ್ಷಗಳ ಹಿಂದಿನ ತರಗತಿಯವರು ವಾಟ್ಸಾಪ್ ಗುಂಪು ಕಟ್ಟಿ, ದುಬೈಯವನನ್ನೂ ಮಲ್ಪೆಯ ದೋಣಿಯವನನ್ನೂ ಹುಡುಕಿ ತೆಗೆದು, ನಿವೃತ್ತರಾದ ಮಾಸ್ತರರನ್ನೂ ಅಕ್ಕೋರನ್ನೂ ಕರೆತಂದು ಶಾಲು ಹೊದಿಸುತ್ತಾರೆ. ಅಂದು ಒಬ್ಬರ ಮನೆಯಿಂದ ಹಳೆಯ ಗುಂಪು ಚಿತ್ರ ಬರುತ್ತದೆ. ಮೂರನೆಯ ಸಾಲಿನಲ್ಲಿ ಎಡದಿಂದ ಐದನೆಯವನು ಯಾರೆಂಬುದರ ಮೇಲೆ ವಾದ ಹುಟ್ಟುತ್ತದೆ. ಕೊನೆಗೆ ಕನ್ನಡಕವನ್ನು ಸರಿಪಡಿಸಿಕೊಂಡ ಮುದಿ ಮಾಸ್ತರರು ಹೆಸರಿನೊಡನೆ ಅವನ ಹಾಜರಿ ಸಂಖ್ಯೆಯನ್ನೂ ಹೇಳಿಬಿಡುತ್ತಾರೆ.

ಆದರೆ ಅದು ಬಹಳ ಮುಂದಿನ ಮಾತು. ಬೀಳ್ಕೊಡುಗೆಯ ಸಂಜೆ ನಾಲ್ಕಕ್ಕೆ ಅದರ ಪರಿವೆ ಯಾರಿಗೂ ಇರುವುದಿಲ್ಲ. ಹುಡುಗಿಯರು ಒಬ್ಬರನ್ನೊಬ್ಬರು ತಬ್ಬಿಕೊಂಡು ಅಳುತ್ತಿರುತ್ತಾರೆ. ಅಳಬಾರದೆಂದು ನಿಶ್ಚಯಿಸಿದ ಹುಡುಗರು ನಲ್ಲಿಯ ಹತ್ತಿರ ಹೋಗಿ ಕಾರಣವಿಲ್ಲದೆ ಮುಖ ತೊಳೆಯುತ್ತಿರುತ್ತಾರೆ. ಒಂಬತ್ತನೆಯವರು ತೋರಣ ಬಿಚ್ಚಿ, ಬೆಂಚುಗಳನ್ನು ಮರಳಿ ಸಾಲಿಗಿಡುತ್ತಾರೆ. ಅಷ್ಟರಲ್ಲಿ ಮುಖ್ಯಾಧ್ಯಾಪಕರು ಕಚೇರಿಯಿಂದ ಹೊರಗೆ ಬಂದು, ಗಂಟಲು ಸರಿಮಾಡಿಕೊಂಡು ಸಾರುತ್ತಾರೆ:

“ಹತ್ತನೆಯ ತರಗತಿಯವರು ಗಮನಿಸಿ. ಸೋಮವಾರ ಹಾಲ್ ಟಿಕೆಟು ಕೊಡುವುದಿದೆ. ಎಲ್ಲರೂ ಹತ್ತು ಗಂಟೆಗೆ ಸರಿಯಾಗಿ, ಸಮವಸ್ತ್ರದಲ್ಲಿ ಬರತಕ್ಕದ್ದು.”